ಗಿಳಿ ಏಕೆ ಮೆಟ್ಟಿಲ ನಡುವೆ ಕೂತಳು?

ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಗೆ ಎರಡು ಬಗೆಯ ಗಿರಾಕಿಗಳು ಬರುತ್ತಾರೆ. ಕೊಳೆ ಬಟ್ಟೆ ಕೊಟ್ಟು ಚೀಟಿ ತೆಗೆದುಕೊಂಡು ಹೋಗುವವರು ಒಂದು ಬಗೆ. ಕೊಳೆ ಬಟ್ಟೆಯ ಜೊತೆಗೆ ಬುದ್ಧಿವಾದವನ್ನೂ ಕೊಟ್ಟು ಹೋಗುವವರು ಇನ್ನೊಂದು ಬಗೆ. ಬೀದಿ ಮೂಲೆಯ ಅಂಗಡಿಯ ಅಮ್ಮನಿಗೆ ಈಚೆಗೆ ಎರಡನೆಯ ಬಗೆಯವರದೇ ಕಾಟ.

“ಏನಮ್ಮಾ, ಗಿಳಿ ಎಲ್ಲಿ? ಕಾಣ್ತಾನೇ ಇಲ್ಲ?” ಕೇಳಿದವರು ಎದುರು ಸಾಲಿನ ಕನ್ನಡಕದ ಅಂಗಡಿಯವರು.

“ಮೇಲಿದ್ದಾಳೆ.”

“ಬಂದು ಒಂದ್ಸಲ ನಕ್ಕು ಹೋಗು ಅನ್ನಿ. ಅವಳ ನಗು ನೋಡದಿದ್ರೆ ನನಗೆ ವ್ಯಾಪಾರಾನೇ ಆಗಲ್ಲ. ಸೋಮಾರಿತನ ಕಲಿತುಬಿಟ್ಲು ನೋಡಿ. ಮುದ್ದು ಮಾಡಿ ಮಾಡಿ ನೀವೇ ಕೆಡಿಸಿದ್ದು.”

ಅವರ ಹಿಂದೆ ನಿಂತಿದ್ದ ಹೆಂಗಸು ನಿಟ್ಟುಸಿರು ಬಿಟ್ಟಳು. “ಪಾಪ, ಇಂಥ ಮಕ್ಕಳು ದೊಡ್ಡವರಾದ್ಮೇಲೆ ಇಷ್ಟೇ ಬಿಡಿ. ಅವರು ಇರೋದೇ ಹಾಗೆ.”

ಅಮ್ಮ ಅಂಗಿಯ ಕಾಲರಿಗೆ ಚೀಟಿ ಇಟ್ಟು ಪಿನ್ನು ಚುಚ್ಚಿದಳು. ಅಷ್ಟು ಜೋರಾಗಿ ಚುಚ್ಚಬೇಕಾದ ಅಗತ್ಯವೇನೂ ಆ ಅಂಗಿಗೆ ಇರಲಿಲ್ಲ.

ಗಿಳಿ ಆ ಮನೆಯ ಒಬ್ಬಳೇ ಮಗಳು. ವಯಸ್ಸು ಇಪ್ಪತ್ಮೂರು. ಅವಳ ಮೈಯ ಕಣಕಣದಲ್ಲೂ ಒಂದು ವರ್ಣತಂತುವಿನ ಪುಟ್ಟ ತುಣುಕು ಹುಟ್ಟಿನಿಂದಲೇ ಇಲ್ಲ. ಹಲವು ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಹೀಗಾಗುತ್ತದೆ; ಅದಕ್ಕೆ ವಿಲಿಯಮ್ಸ್ ಸಿಂಡ್ರೋಮ್ ಎನ್ನುತ್ತಾರೆ. ತಾಯಿ ತಿಂದದ್ದರಿಂದಲೂ ಅಲ್ಲ, ತಂದೆ ಮಾಡಿದ್ದರಿಂದಲೂ ಅಲ್ಲ. ಮಕ್ಕಳ ಆಸ್ಪತ್ರೆಯ ಡಾಕ್ಟರು ಗಿಳಿ ಚಿಕ್ಕವಳಿದ್ದಾಗಲೇ ಎಲ್ಲವನ್ನೂ ಬಿಡಿಸಿ ಹೇಳಿದ್ದರು. ಹೃದಯ ನೋಡಿಸಿಕೊಳ್ಳುತ್ತಿರಬೇಕು, ಮಾತು ತಡವಾಗಿ ಬರುತ್ತದೆ, ಲೆಕ್ಕ ಕಷ್ಟ, ಆದರೆ ಜನರೆಂದರೆ ಇವರಿಗೆ ಪ್ರಾಣ ಎಂದಿದ್ದರು. ಮಾತು ತಡವಾಗಿಯೇ ಬಂತು. ಬಂದ ಮೇಲೆ ನಿಲ್ಲಲಿಲ್ಲ. ಹಾಗಾಗಿಯೇ ಅವಳು ಗಿಳಿ.

ಅಂಗಡಿಯಲ್ಲಿ ಅವಳ ಕೆಲಸ, ಬಟ್ಟೆ ನೀರಿಗೆ ಹೋಗುವ ಮುಂಚೆ ಜೇಬು ನೋಡುವುದು. ಒಮ್ಮೆ ಯಾರದೋ ಕೋಟಿನ ಜೇಬಿನಲ್ಲಿ ಕಟ್ಟಿಸಿದ ಹಲ್ಲಿನ ಸೆಟ್ಟು ಸಿಕ್ಕಿ, “ಯಾರಪ್ಪಾ ಅದು, ಬೆಳಿಗ್ಗೆಯಿಂದ ಹಸಿದುಕೊಂಡಿರೋರು?” ಎಂದು ಬೀದಿಗೆ ಕೇಳುವಂತೆ ಕೂಗಿದ್ದಳು. ಕೋಟಿನ ಯಜಮಾನರು ಬಾಯಿಗೆ ಕರವಸ್ತ್ರ ಹಿಡಿದು ಓಡಿ ಬಂದಿದ್ದರು.

ಹದಿನೆಂಟು ತುಂಬಿದಾಗ ಮಕ್ಕಳ ಆಸ್ಪತ್ರೆಯವರು, “ಇನ್ನು ನಮ್ಮಲ್ಲಿ ನೋಡಲ್ಲ, ದೊಡ್ಡವರ ಆಸ್ಪತ್ರೆಗೆ ಹೋಗಿ” ಎಂದರು. ದೊಡ್ಡವರ ಆಸ್ಪತ್ರೆಯವರು, “ಇದು ಮಕ್ಕಳ ಕಾಯಿಲೆಯಲ್ವಾ?” ಎಂದರು. ಹದಿನೆಂಟನೆಯ ಹುಟ್ಟುಹಬ್ಬದ ದಿನ ಸಿಂಡ್ರೋಮು ಗಂಟುಮೂಟೆ ಕಟ್ಟಿಕೊಂಡು ಹೊರಟುಹೋಗುತ್ತದೆಯೇನು? ಆ ಪ್ರಶ್ನೆ ಅಮ್ಮನ ಗಂಟಲಲ್ಲಿ ಅಂದಿನಿಂದಲೂ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಮಗಳು ನಗುನಗುತ್ತಲೇ ಇದ್ದಳಲ್ಲ, ಮುಳ್ಳನ್ನು ನುಂಗಿಕೊಂಡೇ ಸಂಸಾರ ನಡೆದಿತ್ತು.

ಆರು ತಿಂಗಳ ಈಚೆಗೆ ಗಿಳಿ ಬದಲಾದಳು.

ಮೊದಲು ನಿದ್ದೆ ಹೋಯಿತು. ಆಮೇಲೆ ಹೊಟ್ಟೆನೋವು ಎಂದಳು. ಆಮೇಲೆ ಪ್ರಶ್ನೆಗಳು ಶುರುವಾದವು. “ಅಮ್ಮಾ, ನಾಳೆ ಏನಾಗುತ್ತೆ? ಯಾರು ಬರ್ತಾರೆ? ನೀನು ಸತ್ತುಹೋಗ್ತೀಯಾ? ಇವತ್ತಲ್ವಾ? ನಾಳೆನಾ?” ಉತ್ತರ ಹೇಳಿದ ಬಾಯಿ ಮುಚ್ಚುವ ಮೊದಲೇ ಅದೇ ಪ್ರಶ್ನೆ ಮತ್ತೆ. ಉಗುರಿನ ಸುತ್ತ ಚರ್ಮ ಕಿತ್ತು ಕಿತ್ತು ಬೆರಳ ತುದಿಗಳು ಹಸಿಯಾದವು. ಕೊನೆಗೆ ಅಂಗಡಿಗೆ ಇಳಿಯುವುದನ್ನೇ ಬಿಟ್ಟಳು. ಮನೆ ಮೇಲೆ, ಅಂಗಡಿ ಕೆಳಗೆ. ನಡುವಿನ ಕಬ್ಬಿಣದ ಮೆಟ್ಟಿಲಿನ ಅರ್ಧಕ್ಕೆ ಬಂದು, ಕಂಬಿ ಹಿಡಿದು ಕೂತುಬಿಡುತ್ತಿದ್ದಳು. ಕೆಳಗೆ ಕರೆದರೆ ಬಾರಳು, ಮೇಲೆ ಹೋಗೆಂದರೆ ಹೋಗಳು.

“ಹಟ,” ಎಂದ ಅಪ್ಪ.

ಒಂದು ದಿನ ಅಪ್ಪ ಆ ಹಟವನ್ನು ಮುರಿಯಲು ಹೊರಟ. ಕೈ ಹಿಡಿದು ದರದರನೆ ಇಳಿಸಿ ಅವಳನ್ನು ಅವಳ ಸ್ಟೂಲಿನ ಮೇಲೆ ಕೂರಿಸಿದ. ಅದೇ ಹೊತ್ತಿಗೆ ಹೊಸ ಆವಿ ಇಸ್ತ್ರಿ ಯಂತ್ರ ಎಂದಿನಂತೆ ಸಿಳ್ಳೆ ಹೊಡೆದು ಆವಿ ಬಿಟ್ಟಿತು. ಗಿಳಿ ಚೀರಿ ಅಪ್ಪನನ್ನು ತಳ್ಳಿದಳು. ಬೀಳದಿರಲು ಅವನು ಚಾಚಿದ ಬಲಗೈ, ಹೋಗಿ ಹೋಗಿ ಯಂತ್ರದ ಕಾದ ಹಲಗೆಯ ಮೇಲೆಯೇ ಬಿತ್ತು.

ಇಸ್ತ್ರಿಯವನಿಗೆ ಬಲಗೈ ಸುಟ್ಟರೆ ಅಡುಗೆಯವನಿಗೆ ನಾಲಿಗೆ ಹೋದಂತೆ. ಬ್ಯಾಂಡೇಜು ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು ಅಪ್ಪ, ಇಂಥವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಊರಾಚೆಯ ಒಂದು ವಸತಿ ಗೃಹಕ್ಕೆ ಫೋನು ಮಾಡಿದ. ಅಲ್ಲಿ ಒಂದು ಹಾಸಿಗೆ ಖಾಲಿಯಾಗಿತ್ತು. ಸೋಮವಾರ ಕಾರು ಕಳಿಸುತ್ತೇವೆ ಎಂದರು.

“ಕೇಳದೆ ಕೊಟ್ಟುಬಿಟ್ರಾ?” ಎಂದಳು ಅಮ್ಮ.

“ಕೊಡೋಕೆ ಅವಳೇನು ಪಾತ್ರೆನಾ? ನಂಗೇನು ಖುಷಿನಾ?” ಅಪ್ಪನ ದನಿ ಒಡೆಯಿತು. “ಇವತ್ತು ನನ್ನ ಕೈ. ನಾಳೆ ಗಿರಾಕಿ ಮುಖ ಆದ್ರೆ? ಅವಳ ಕಾಯಿಲೆ ಜಾಸ್ತಿ ಆಗ್ತಾ ಇದೆ ಕಣೇ. ಅವಳು ಇರೋದೇ ಹಾಗೆ ಅಂತ ಒಪ್ಕೊಂಡುಬಿಡು.”

ಅವಳು ಇರೋದೇ ಹಾಗೆ! ಇಪ್ಪತ್ತೆರಡೂವರೆ ವರ್ಷ ಹಾಗೆ ಇರಲೇ ಇಲ್ಲವಲ್ಲ!

ಮರುದಿನ ಅಮ್ಮ ಮಗಳನ್ನು ಹತ್ತಿರದ ಡಾಕ್ಟರ ಬಳಿ ಕರೆದೊಯ್ದಳು. ದಾರಿಯುದ್ದಕ್ಕೂ ಅಮ್ಮನ ಸೆರಗು ಬಿಡದ ಗಿಳಿ, ಡಾಕ್ಟರ ಕೋಣೆಯೊಳಗೆ ಕಾಲಿಟ್ಟದ್ದೇ ಮುಖದಲ್ಲಿ ದೀಪ ಹಚ್ಚಿಕೊಂಡಳು.

“ನಮಸ್ಕಾರ ಡಾಕ್ಟ್ರೇ! ಚೆನ್ನಾಗಿದ್ದೀರಾ? ಮನೆಲಿ ಎಲ್ರೂ ಚೆನ್ನಾಗಿದ್ದಾರಾ? ನಿಮ್ಮ ಕಾಲರ್ ಯಾರು ಇಸ್ತ್ರಿ ಮಾಡಿದ್ದು? ಸುಕ್ಕಿದೆ! ನಮ್ಮಪ್ಪನ ಹತ್ರ ಕೊಡಿ. ಈಗ ಬೇಡ, ಕೈಗೆ ಪೆಟ್ಟಾಗಿದೆ.”

ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮ್ಮ ನಿದ್ದೆಯ ವಿಷಯ ಹೇಳಿದಳು. ಪ್ರಶ್ನೆಗಳ ವಿಷಯ, ಮೆಟ್ಟಿಲಿನ ವಿಷಯ, ಹೊಟ್ಟೆನೋವಿನ ವಿಷಯ ಹೇಳಿದಳು.

“ಇಷ್ಟು ಲಕಲಕ ಅಂತಿರೋ ಹುಡುಗಿಗೆ ಚಿಂತೆ ಎಲ್ಲಿಂದ ಬರ್ಬೇಕಮ್ಮಾ? ಚಿಂತೆ ನಿಮಗೆ! ಈ ಸಿಂಡ್ರೋಮ್ ಇರೋರು ಹೀಗೇ. ವಯಸ್ಸಿಗೆ ಬಂದಿದ್ದಾಳೆ, ಸ್ವಲ್ಪ ಮೊಂಡುತನ ಇರುತ್ತೆ. ಮಲಗೋಕೆ ಒಂದು ಮಾತ್ರೆ ಬರೀತೀನಿ.”

ಡಾಕ್ಟರು ಗಿಳಿಯ ಮುಖ ನೋಡುತ್ತಿದ್ದರು. ಅಮ್ಮ ಮೇಜಿನ ಕೆಳಗೆ ನೋಡುತ್ತಿದ್ದಳು. ಅಲ್ಲಿ ಗಿಳಿಯ ಎರಡು ಕೈಗಳು ಒಂದನ್ನೊಂದು ಹರಿಯುತ್ತಿದ್ದವು. ಹೆಬ್ಬೆರಳಿನಿಂದ ರಕ್ತ ಜಿನುಗಿ ಮಡಿಲಿಗೆ ಇಳಿಯುತ್ತಿತ್ತು.

“ಡಾಕ್ಟ್ರೇ, ಇವಳ ಕೈ ನೋಡಿ,” ಎಂದಳು ಅಮ್ಮ.

“ಅಭ್ಯಾಸ ಅದು. ಉಗುರು ಕತ್ತರಿಸಿ,” ಎಂದು ಅವರು ಗಂಟೆ ಒತ್ತಿದರು. ಮುಂದಿನವರು ಒಳಗೆ ಬಂದರು.

ಅಮ್ಮನ ಮೈ ಉರಿದುಹೋಯಿತು. ಹೊರಗೆ ಬಂದು, ಮಗಳ ಬೆರಳಿಗೆ ಸೆರಗಿನ ತುದಿ ಸುತ್ತುತ್ತಾ, ಅವಳಿಗೆ ಗೊತ್ತಿದ್ದ ಬೈಗುಳಗಳನ್ನೆಲ್ಲ ಮನಸ್ಸಿನಲ್ಲೇ ಸಾಲಾಗಿ ಒಣಹಾಕಿದಳು. ಗೊತ್ತಿದ್ದವು ಕಡಿಮೆ ಎಂದು ಅಂದೇ ಗೊತ್ತಾದದ್ದು.

ಗುರುವಾರ ಅಂಗಡಿಗೆ ಒಬ್ಬರು ನರ್ಸು ಬಂದರು. ಮನಸ್ಸಿನ ಆರೋಗ್ಯದ ವಿಭಾಗದಲ್ಲಿ ಕೆಲಸ. ವಾರಕ್ಕೊಮ್ಮೆ ಬಿಳಿ ಕೋಟುಗಳನ್ನು ಒಗೆಯಲು ಕೊಡುವವರು, ಗಿಳಿಯ ಬಾಯಲ್ಲಿ ‘ಕೋಟು ಸಿಸ್ಟರ್’.

“ಅಕ್ಕಾ, ನನ್ನ ಜೇಬು ಯಾರು ನೋಡ್ತಾರೆ ಇವತ್ತು? ಎಲ್ಲಿ ನಮ್ಮ ತನಿಖಾಧಿಕಾರಿ?”

ಅಷ್ಟು ಸಾಕಾಯಿತು. ಅಮ್ಮನ ಕಟ್ಟೆ ಒಡೆಯಿತು. ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಮೂಲೆಯಲ್ಲಿ ಕಾಲುಚೀಲಗಳ ಜೋಡಿ ಹುಡುಕುತ್ತಿದ್ದ ಅಜ್ಜಿ, ಎಂದರೆ ಅಪ್ಪನ ತಾಯಿ, ಕೈ ನಿಲ್ಲಿಸಿ ಕೇಳಿಸಿಕೊಂಡರು. ಅಪ್ಪ ಎಡಗೈಯಲ್ಲಿ ಕಲೆ ತೆಗೆಯುವ ಮೇಜು ಒರೆಸುತ್ತಾ, ಕೇಳಿಸಿಕೊಳ್ಳದವನಂತೆ ಎಲ್ಲವನ್ನೂ ಕೇಳಿಸಿಕೊಂಡ.

“ಕೆಳಗೆ ಬರಲ್ಲ ಅಂದ್ರಲ್ಲ, ಮತ್ತೆ ಎಲ್ಲಿ ಕೂರ್ತಾಳೆ?” ಕೇಳಿದರು ನರ್ಸು.

“ಮೆಟ್ಟಿಲ ನಡುವೆ. ಈಗಲೂ ಅಲ್ಲೇ ಇದ್ದಾಳೆ.”

“ಮೇಲೆ ಮಂಚ ಇಲ್ವಾ?”

“ಇದೆಯಲ್ಲ.”

“ಫ್ಯಾನು?”

“ಅದೂ ಇದೆ.”

“ಹಾಗಾದ್ರೆ ಸೋಮಾರಿ ಮಂಚ ಬಿಟ್ಟು ಕಬ್ಬಿಣದ ಮೆಟ್ಟಿಲ ಮೇಲೆ ಯಾಕೆ ಕೂರ್ತಾಳೆ ಅಕ್ಕಾ?”

ಅಪ್ಪನ ಒರೆಸುವ ಕೈ ಮೇಜಿನ ಮೇಲೇ ನಿಂತಿತು.

“ಅವಳಿಗೆ ಜನ ಬೇಕು. ಅದಕ್ಕೇ ಅರ್ಧ ಇಳೀತಾಳೆ. ಇಲ್ಲೇನೋ ಭಯ ಇದೆ. ಅದಕ್ಕೇ ಅರ್ಧಕ್ಕೆ ನಿಲ್ತಾಳೆ. ಎರಡೂ ನಿಜ. ಆಸೆನೂ ನಿಜ, ಭಯನೂ ನಿಜ.”

ಅಪ್ಪ ತಿರುಗಿದ. “ಭಯನಾ? ಬೀದಿಲಿ ಹೋಗೋ ಗುರುತಿಲ್ಲದವರನ್ನೂ ಕರೆದು ಮಾತಾಡ್ಸೋಳು ಸಿಸ್ಟರ್ ಅವಳು. ಅವಳಿಗೆಂಥ ಭಯ?”

“ಮಾತಾಡ್ಸೋಕೆ ಧೈರ್ಯ ಇದ್ರೆ ಎಲ್ಲದಕ್ಕೂ ಇರುತ್ತೆ ಅಂತ ಯಾರು ಹೇಳಿದ್ದು ಅಣ್ಣಾ? ಈ ಸಿಂಡ್ರೋಮ್ ಇರೋ ಎಷ್ಟೋ ಜನರಿಗೆ ಅಪರಿಚಿತರ ಭಯ ಇರಲ್ಲ. ಆದ್ರೆ ನಾಳೆ ಏನು ಅನ್ನೋ ಆತಂಕ, ಜೋರು ಶಬ್ದದ ಭಯ, ಇವೆಲ್ಲ ತುಂಬಾ ಇರುತ್ತೆ. ಚಿಕ್ಕವರಿದ್ದಾಗ ನಗು ಮುಂದೆ ಇರುತ್ತೆ, ಆತಂಕ ಹಿಂದೆ ಅಡಗಿರುತ್ತೆ. ದೊಡ್ಡವರಾಗ್ತಾ ಎಷ್ಟೋ ಜನರಲ್ಲಿ ಅದು ಮುಂದೆ ಬರುತ್ತೆ. ಎಲ್ಲರಿಗೂ ಹಾಗೇ ಆಗುತ್ತೆ ಅಂತಿಲ್ಲ. ಆದಾಗ ಗುರುತಿಸಬೇಕಷ್ಟೇ.”

“ಅಂದ್ರೆ ಸಿಂಡ್ರೋಮೇ ಜಾಸ್ತಿ ಆಯ್ತು ಅಂತ ತಾನೇ? ನಾನು ಹೇಳಿದ್ದೂ ಅದೇ.”

“ಅಲ್ಲ ಅಣ್ಣಾ, ಸಿಂಡ್ರೋಮ್ ಹುಟ್ಟಿದ ದಿನ ಎಷ್ಟಿತ್ತೋ ಇವತ್ತೂ ಅಷ್ಟೇ. ಬದಲಾಗಿದ್ದು ಅವಳ ವಯಸ್ಸು, ಅವಳ ಮನಸ್ಸು, ಅವಳ ಸುತ್ತಲಿನ ಲೋಕ. ಆತಂಕದ ಕಾಯಿಲೆ ಬೇರೆ, ಅದಕ್ಕೆ ಚಿಕಿತ್ಸೆ ಇದೆ. ಕಾಲಿಲ್ಲದವನಿಗೆ ಜ್ವರ ಬಂದ್ರೆ, ಕಾಲಿಲ್ವಲ್ಲ, ಅದಕ್ಕೇ ಜ್ವರ ಅಂತ ಕಳಿಸ್ತೀವಾ?”

ಅಜ್ಜಿ ಕಾಲುಚೀಲವನ್ನು ಮೇಜಿಗೆ ಬಡಿದರು. “ನನ್ನ ಕಿವೀನೂ ಹೀಗೇ ಮಾಡಿದ್ರಲ್ಲ ಕಣೋ! ಕಿವಿ ಕೇಳ್ಸಲ್ಲ ಅಂದ್ರೆ, ‘ವಯಸ್ಸಾಯ್ತು ಅಜ್ಜಿ, ಹಾಗೇ’ ಅಂದ್ರು. ಎರಡು ವರ್ಷ ನಾನು ಕಿವುಡಿ ಅಂತ ನೀವೆಲ್ಲ ನನ್ನೆದುರೇ ನನ್ನ ಬೈದ್ರಿ. ಆಮೇಲೆ ಯಾರೋ ಪುಣ್ಯಾತ್ಗಿತ್ತಿ ಒಳಗೆ ಇಣುಕಿ ನೋಡಿ ಗುಗ್ಗೆ ತೆಗೆದ್ಲು. ಗೋಲಿಯಷ್ಟಿತ್ತು! ಈಗ ನೀವಿಬ್ಬರು ಒಳಕೋಣೆಲಿ ಪಿಸುಗುಟ್ಟಿದ್ದೂ ಕೇಳ್ಸುತ್ತೆ.”

ಅಮ್ಮನಿಗೆ ಅಳುವಿನ ನಡುವೆಯೂ ನಗು ಬಂತು. ನರ್ಸು ಮಾತ್ರ ನಗಲಿಲ್ಲ.

“ಅಜ್ಜಿ ಹೇಳಿದ್ದೇ ಸರಿ. ಮೊದಲು ಒಳಗೆ ಇಣುಕಿ ನೋಡ್ಬೇಕು. ನಡವಳಿಕೆ ಇದ್ದಕ್ಕಿದ್ದ ಹಾಗೆ ಬದಲಾದ್ರೆ ಮೊದಲು ಮೈಯಲ್ಲಿ ನೋವಿದೆಯಾ ನೋಡ್ಬೇಕು. ಹಲ್ಲು, ಕಿವಿ, ಹೊಟ್ಟೆ. ಇವಳಿಗೆ ರಕ್ತದೊತ್ತಡ, ಥೈರಾಯ್ಡು, ಕ್ಯಾಲ್ಸಿಯಂ ಎಲ್ಲಾ ನೋಡ್ಬೇಕು. ಆಮೇಲೆ ಸುತ್ತಮುತ್ತ ಏನು ಬದಲಾಯ್ತು ಅಂತ ಕೇಳ್ಬೇಕು. ಆಮೇಲೆ ಮನಸ್ಸು. ಇದ್ಯಾವುದನ್ನೂ ಕೇಳದೆ ಇರೋದೇ ಹಾಗೆ ಅಂದ್ರೆ, ಅದು ಉತ್ತರ ಅಲ್ಲ ಅಕ್ಕಾ, ಬಾಗಿಲು ಮುಚ್ಚೋದು.”

“ಬೇರೆ ಸಿಂಡ್ರೋಮ್ ಇರೋರಿಗೂ ಹೀಗೇನಾ?” ಕೇಳಿದಳು ಅಮ್ಮ.

“ಒಂದೊಂದರದು ಒಂದೊಂದು ದಾರಿ. ಕೆಲವರಲ್ಲಿ ಚಿಕ್ಕಂದಿನ ಚಡಪಡಿಕೆ ದೊಡ್ಡವರಾದ್ಮೇಲೆ ಕಮ್ಮಿನೇ ಆಗುತ್ತೆ. ಕೆಲವರಲ್ಲಿ ಹರೆಯದ ಹೊತ್ತಿಗೆ ಇಲ್ಲದ ದನಿ ಕೇಳೋದು, ಎಲ್ಲರ ಮೇಲೂ ಅನುಮಾನ ಪಡೋದು ಶುರುವಾಗಬಹುದು. ಡೌನ್ ಸಿಂಡ್ರೋಮ್ ಇರೋರಿಗೆ ಮರೆವಿನ ಕಾಯಿಲೆ ಬೇರೆಯವರಿಗಿಂತ ಬೇಗ ಬರಬಹುದು. ಮುಂಚೆನೇ ಗೊತ್ತಿದ್ರೆ ಕಣ್ಣಿಟ್ಟಿರಬಹುದು. ಆದ್ರೆ ಹೇಳೋರು ಯಾರು? ಮಗು ಇದ್ದಾಗ ಎಲ್ಲ ಹೇಳ್ತಾರೆ. ಮಗು ಬೆಳೆಯುತ್ತೆ ಅನ್ನೋದನ್ನೇ ಮರೆತುಬಿಡ್ತಾರೆ!”

ಹೋಗುವಾಗ ನರ್ಸು, ಡಾಕ್ಟರು ಬರೆದ ಮಾತ್ರೆ ಕೊಟ್ಟಿದ್ದೀರಾ ಎಂದು ಕೇಳಿದರು. ಇನ್ನೂ ಕೊಟ್ಟಿರಲಿಲ್ಲ. “ಇವಳ ಹೃದಯದ ವಿಷಯ ಅವರಿಗೆ ಹೇಳಿದ್ರಾ? ಇಲ್ಲ ಅಂದ್ರೆ ಅವರಿಗೆ ಹೇಳಿ, ಕೇಳ್ಕೊಂಡೇ ಶುರು ಮಾಡಿ. ಶುರು ಮಾಡಿದ್ದನ್ನ ನೀವೇ ನಿಲ್ಲಿಸೋದೂ ತಪ್ಪು. ಶನಿವಾರ ನಮ್ಮಲ್ಲಿಗೆ ಕರ್ಕೊಂಡು ಬನ್ನಿ. ಅಣ್ಣಾ, ನೀವೂ ಬರ್ಬೇಕು.”

“ಸೋಮವಾರ ಕಾರು ಬರುತ್ತೆ,” ಎಂದ ಅಪ್ಪ, ಗೋಡೆಗೆ ಹೇಳಿದಂತೆ.

ಸಂಜೆ ಕದ ಅರ್ಧ ಎಳೆದ ಮೇಲೆ ಅಪ್ಪ ಕಲೆ ತೆಗೆಯುವ ಮೇಜಿಗೆ ಕೂತ. ಕಲೆ ತೆಗೆಯುವುದರಲ್ಲಿ ಅವನದು ಎತ್ತಿದ ಕೈ. ಇಂಕು, ಎಣ್ಣೆ, ತುಕ್ಕು, ಯಾವುದಾದರೂ ಸೈ. ಗಿರಾಕಿಯನ್ನು ಪೊಲೀಸಿನವರ ಹಾಗೆ ವಿಚಾರಿಸದೆ ಬಟ್ಟೆಗೆ ಕೈ ಹಾಕುವವನಲ್ಲ. ಏನು ಚೆಲ್ಲಿತು? ಯಾವಾಗ ಚೆಲ್ಲಿತು? ಆಮೇಲೆ ನೀವೇನು ಹಚ್ಚಿದಿರಿ? ಅಂದು ಮುಂದಿದ್ದದ್ದು ಒಂದು ಬಿಳಿ ಅಂಗಿ, ತೋಳಿನ ಮೇಲೆ ಕಂದು ಕಲೆ. ಅಮ್ಮ ಒಲೆಯ ಮೇಲಿದ್ದ ಕುದಿನೀರಿನ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ತಂದು ಅಂಗಿಯ ಮೇಲೆ ಬಗ್ಗಿಸಲು ಹೋದಳು.

“ಅಯ್ಯೋ, ತಲೆ ಕೆಟ್ಟಿದೆಯೇನೇ?” ಅಪ್ಪ ಅಂಗಿಯನ್ನು ಎದೆಗವಚಿಕೊಂಡ. “ಇದು ಏನು ಕಲೆ ಅಂತಲೇ ಗೊತ್ತಿಲ್ಲ! ರಕ್ತ ಆಗಿದ್ರೆ?”

“ಆಗಿದ್ರೆ ಏನು?”

“ಬಿಸಿನೀರು ಬಿದ್ರೆ ಕೂತುಬಿಡುತ್ತೆ! ಆಮೇಲೆ ಜನ್ಮದಲ್ಲಿ ಹೋಗಲ್ಲ. ಇಷ್ಟು ವರ್ಷ ಇದೇ ಕೆಲಸ ಮಾಡಿ ನಿಂಗೊತ್ತಿಲ್ವಾ?”

“ನಂಗೊತ್ತು. ನಿಮಗೆ ಗೊತ್ತಾ ಅಂತ ನೋಡಿದೆ.” ಅಮ್ಮ ಪಾತ್ರೆ ಇಳಿಸಿದಳು. “ಯಾರದೋ ಅಂಗಿಗೆ ಏನಾಯ್ತು, ಯಾವಾಗ ಆಯ್ತು, ಹೇಗಾಯ್ತು ಅಂತ ನೂರು ಪ್ರಶ್ನೆ ಕೇಳ್ತೀರಿ. ಮಗಳಿಗೆ ಒಂದು ಕೇಳಿದ್ರಾ? ದರದರ ಎಳೆದು ತಂದ್ರಿ. ಬೈದ್ರಿ. ಈಗ ಊರಾಚೆ ಕಳಿಸ್ತೀರಿ. ಬಿಸಿನೀರು ಸುರಿದಿದ್ದೇ ಸುರಿದಿದ್ದು! ಊರಿನವರ ಅಂಗಿಗಿರೋ ಮರ್ಯಾದೆ ನಮ್ಮ ಮಗಳಿಗಿಲ್ವಾ ರೀ?”

ಅಪ್ಪ ಅಂಗಿಯನ್ನು ಮೇಜಿನ ಮೇಲೆ ಇಳಿಸಿದ. ಆಮೇಲೆ ಮೆಟ್ಟಿಲಿನ ಕಡೆ ನೋಡಿದ. ಅಲ್ಲಿ ಕಂಬಿಯ ಸಂದಿಯಿಂದ ಎರಡು ಪಾದಗಳು ಕಾಣುತ್ತಿದ್ದವು.

“ಶನಿವಾರ ಎಷ್ಟು ಹೊತ್ತಿಗೆ?” ಎಂದ.

ಶನಿವಾರದ ಡಾಕ್ಟರು ವಯಸ್ಸಾದ ಹೆಂಗಸು. ಗಿಳಿ ಎಂದಿನಂತೆ ದೀಪ ಹಚ್ಚಿಕೊಂಡೇ ಒಳಹೊಕ್ಕಳು. “ನಮಸ್ಕಾರ! ಚೆನ್ನಾಗಿದ್ದೀರಾ? ನಿಮ್ಮ ಕೋಟು ನಮ್ಮಲ್ಲೇ ಒಗೆದಿದ್ದು, ನಂಗೊತ್ತು!”

ಆ ಡಾಕ್ಟರು ನಗುತ್ತಾರೆ ಎನ್ನುವಷ್ಟರಲ್ಲಿ ಅಮ್ಮ ಎದ್ದು ನಿಂತಳು. ಹಾಗೆ ನಿಲ್ಲಬೇಕೆಂದು ಮನೆಯಲ್ಲೇ ತೀರ್ಮಾನಿಸಿಕೊಂಡು ಬಂದಿದ್ದಳು.

“ಡಾಕ್ಟ್ರೇ, ದಯವಿಟ್ಟು ಇವಳ ಮುಖ ನೋಡಿ ಹೇಳ್ಬೇಡಿ. ಕೈ ನೋಡಿ ಹೇಳಿ.”

ಡಾಕ್ಟರು ಕುರ್ಚಿಯನ್ನು ಮೇಜಿನ ಈಚೆಗೆ ಎಳೆದುಕೊಂಡು ಗಿಳಿಯ ಪಕ್ಕಕ್ಕೇ ಬಂದು ಕೂತರು. ಅವಳ ಎರಡೂ ಕೈಗಳನ್ನು ತಮ್ಮ ಅಂಗೈಯಲ್ಲಿ ತೆಗೆದುಕೊಂಡರು. ಅಮ್ಮನನ್ನು ಕೇಳಲಿಲ್ಲ, ಅಪ್ಪನನ್ನು ಕೇಳಲಿಲ್ಲ. ಗಿಳಿಯನ್ನೇ ಕೇಳಿದರು.

“ಗಿಳಿ, ನಿನಗೆ ಒಳಗೆ ಹೇಗನ್ಸುತ್ತೆ?”

“ಚೆನ್ನಾಗಿದ್ದೀನಿ!”

“ಹೊಟ್ಟೆ?”

ಗಿಳಿ ಸುಮ್ಮನಾದಳು. ಡಾಕ್ಟರೂ ಸುಮ್ಮನೆ ಕಾದರು. ಗಡಿಯಾರ ನೋಡಲಿಲ್ಲ, ಗಂಟೆ ಒತ್ತಲಿಲ್ಲ.

“ಹೊಟ್ಟೇಲಿ ಬಟ್ಟೆ ಒಗೆಯೋ ಮೆಷಿನ್ ತಿರುಗುತ್ತೆ,” ಎಂದಳು ಗಿಳಿ ಕೊನೆಗೆ, ಸಣ್ಣ ದನಿಯಲ್ಲಿ. “ನಿಲ್ಲಲ್ಲ. ಹೊಸ ಮೆಷಿನ್ ಯಾವಾಗ ಕೂಗುತ್ತೆ ಗೊತ್ತಾಗಲ್ಲ. ಕೂಗದೆ ಇದ್ದಾಗ್ಲೂ ಈಗ ಕೂಗುತ್ತೆ, ಈಗ ಕೂಗುತ್ತೆ ಅಂತ ಕಾಯ್ತೀನಿ. ಮಲಗಿದ್ರೂ ಕಾಯ್ತೀನಿ.”

“ಯಾರಿಗಾದ್ರೂ ಹೇಳಿದ್ಯಾ?”

“ಹೇಳ್ಬಾರ್ದು. ಬರೋರಿಗೆ ಬೇಜಾರಾಗುತ್ತೆ. ಎಲ್ರೂ ‘ಗಿಳಿ, ನಗು’ ಅಂತಾರಲ್ಲ. ಅದಕ್ಕೇ ನಗ್ತೀನಿ.” ಆಮೇಲೆ ಅಪ್ಪನ ಬ್ಯಾಂಡೇಜಿನ ಕಡೆ ಕೈ ತೋರಿಸಿ, “ಅಪ್ಪನ್ನ ತಳ್ಳಿದ್ದು ನಾನಲ್ಲ, ಭಯ,” ಎಂದಳು.

ಅಪ್ಪ ಎದ್ದು ಹೊರಗೆ ಹೋದ. ಬಾಗಿಲಾಚೆಯಿಂದ ಅವನ ದನಿ ಕೇಳಿಸುತ್ತಿತ್ತು, ಫೋನಿನಲ್ಲಿ. “ಸೋಮವಾರ ಕಾರು ಕಳಿಸ್ಬೇಡಿ... ಇಲ್ಲ ಸ್ವಾಮಿ, ಮುಂದಿನ ಸೋಮವಾರನೂ ಬೇಡ... ಕಾರಣನಾ? ನಾವಿನ್ನೂ ಅವಳನ್ನ ಕೇಳಿ ಮುಗಿದಿಲ್ಲ.”

ಮಂತ್ರ ಹಾಕಿದಂತೆ ಎಲ್ಲವೂ ಸರಿಯಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಪರೀಕ್ಷೆಗಳಾದವು. ರಕ್ತದೊತ್ತಡ ಏರಿತ್ತು, ಅದಕ್ಕೆ ಔಷಧ ಬಂತು. ಮಲಬದ್ಧತೆಯಿಂದ ಹೊಟ್ಟೆ ಕಟ್ಟಿಕೊಂಡು ವಾರಗಟ್ಟಲೆ ನೋವು ತಿಂದಿದ್ದಳು, ಅದಕ್ಕೂ ಬಂತು. ಹೃದಯದ ಡಾಕ್ಟರನ್ನು ಕೇಳಿದ ಮೇಲೆ ಆತಂಕಕ್ಕೆ ಸಣ್ಣ ಪ್ರಮಾಣದಲ್ಲಿ ಮಾತ್ರೆ ಶುರು ಮಾಡಿದರು. ಮೊದಲ ದಿನಗಳು ತೂಕಡಿಕೆಯಲ್ಲೇ ಹೋದವು, ಡಾಕ್ಟರಿಗೆ ಹೇಳಿ ಬದಲಾಯಿಸಿಕೊಂಡರು. ವಾರಕ್ಕೊಮ್ಮೆ ನರ್ಸಿನ ಜೊತೆ ಕೂತು, ಹೊಟ್ಟೆಯೊಳಗಿನ ಮೆಷಿನ್ನು ತಿರುಗತೊಡಗಿದಾಗ ಏನು ಮಾಡಬೇಕೆಂದು ಗಿಳಿ ಕಲಿತಳು.

ಆವಿ ಯಂತ್ರ ಹಿಂದಿನ ಕೋಣೆಗೆ ಹೋಯಿತು. ಅದು ಬಂದದ್ದೂ ಆರು ತಿಂಗಳ ಹಿಂದೆ, ಗಿಳಿ ಬದಲಾದದ್ದೂ ಆರು ತಿಂಗಳ ಹಿಂದೆ. ದಿನಾ ಅದರ ಪಕ್ಕದಲ್ಲೇ ನಿಂತವರಿಗೆ ಅದು ಹೊಳೆಯಲೇ ಇಲ್ಲ! ಈಗ ಆವಿ ಬಿಡುವ ಮುಂಚೆ ಅಪ್ಪ “ಆವಿ!” ಎಂದು ಕೂಗುತ್ತಾನೆ. ಗಿಳಿ ಕಿವಿ ಮುಚ್ಚಿಕೊಂಡು “ಬಿಡು!” ಎನ್ನುತ್ತಾಳೆ. ಅವಳು ಬಿಡು ಎನ್ನುವವರೆಗೆ ಬಿಡುವುದಿಲ್ಲ. ಒಂದೆರಡು ಸಲ ಬೇಕೆಂದೇ ತಡ ಮಾಡಿ ಅಪ್ಪನನ್ನು ಕಾಯಿಸಿದ್ದೂ ಉಂಟು.

ಒಂದೊಂದೇ ಮೆಟ್ಟಿಲು ಇಳಿದಳು. ಕೆಲವು ದಿನ ಎರಡು ಇಳಿದು ಮೂರು ಹತ್ತಿದಳು. ಯಾರೂ ಕೈ ಹಿಡಿದು ಎಳೆಯಲಿಲ್ಲ. ಒಂದು ಬೆಳಿಗ್ಗೆ ಕೆಳಗಿನ ಮೆಟ್ಟಿಲಿಂದ ಎದ್ದು ಬಂದು ತನ್ನ ಸ್ಟೂಲಿನ ಮೇಲೆ ಕೂತು, ಮುಂದಿದ್ದ ಪ್ಯಾಂಟಿನ ಜೇಬಿಗೆ ಕೈ ಹಾಕಿದಳು.

ಅದೇ ಹೊತ್ತಿಗೆ ಬರಬೇಕೆ ಕನ್ನಡಕದ ಅಂಗಡಿಯವರು! “ಓಹೋ, ಬಂದ್ಲಪ್ಪಾ ನಮ್ಮ ಗಿಳಿ! ಎಲ್ಲಿ, ಒಂದು ನಗು ಬರ್ಲಿ?”

ಅಮ್ಮನ ಕೈಯ ಪಿನ್ನು ಗಾಳಿಯಲ್ಲೇ ನಿಂತಿತು.

ಗಿಳಿ ತಲೆಯೆತ್ತಿ ಅವರನ್ನು ನೋಡಿದಳು. “ಇವತ್ತು ನಂಗೆ ನಗೋಕೆ ಮನಸ್ಸಿಲ್ಲ,” ಎಂದಳು. “ಬಟ್ಟೆ ಕೊಡಿ.”

ಅವರ ಮುಖ ಇಂಗು ತಿಂದ ಮಂಗನಂತಾಯಿತು. “ಏನಮ್ಮಾ ಇದು, ಹೀಗಂದುಬಿಟ್ಲು?”

ಮೂಲೆಯಿಂದ ಅಜ್ಜಿ ಹೇಳಿದರು: “ಕಿವಿ ಕೇಳ್ಸಲಿಲ್ವೇನಪ್ಪಾ? ಹೋಗಿ ತೋರಿಸ್ಕೋ, ಗುಗ್ಗೆ ಇರಬಹುದು.”

ಗಿಳಿಗೆ ನಗು ಬಂದುಬಿಟ್ಟಿತು. ಯಾರೂ ಕೇಳದೆ, ತಾನಾಗಿ ಬಂದ ನಗು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೋ ನೆರೆಯಲ್ಲೋ ಹುಟ್ಟಿನಿಂದ ಇಂಥ ಒಂದು ಸಿಂಡ್ರೋಮ್ ಜೊತೆ ಬದುಕುತ್ತಿರುವವರು ಇರಬಹುದು. ಅವರೂ ಬೆಳೆಯುತ್ತಾರೆ. ನಮ್ಮ ನಿಮ್ಮ ಹಾಗೆ ಅವರ ಮನಸ್ಸೂ ವಯಸ್ಸಿನ ಜೊತೆ ಬದಲಾಗುತ್ತದೆ, ಅದಕ್ಕೂ ಕಾಯಿಲೆ ಬೀಳುತ್ತದೆ, ಚಿಕಿತ್ಸೆ ಸಿಕ್ಕರೆ ಅದೂ ಚೇತರಿಸಿಕೊಳ್ಳುತ್ತದೆ. ನಿದ್ದೆ ಹೋದರೆ, ಮಾತು ಕಡಿಮೆಯಾದರೆ, ಬರುತ್ತಿದ್ದ ಕೆಲಸ ಮರೆತರೆ, ಇಲ್ಲದ ಸಿಟ್ಟು, ಇಲ್ಲದ ಭಯ ಬಂದರೆ, ಬೈಯುವ ಮುಂಚೆ ಮೈಯಲ್ಲಿ ನೋವಿದೆಯೇ ನೋಡಿಸಿ. ಮನೆಯಲ್ಲಿ, ಕೆಲಸದಲ್ಲಿ ಏನು ಹೊಸದಾಗಿ ಬಂತು, ಯಾರು ಬಿಟ್ಟುಹೋದರು ಎಂದು ಯೋಚಿಸಿ. ಮನಸ್ಸಿನ ಡಾಕ್ಟರ ಬಳಿ ಹೋಗಲು ನಾಚಬೇಡಿ. ತನಗೆ ತಾನೇ ನೋವು ಮಾಡಿಕೊಳ್ಳುತ್ತಿದ್ದರೆ, ಬದುಕುವುದೇ ಬೇಡ ಎನ್ನುತ್ತಿದ್ದರೆ ಒಂದು ದಿನವೂ ಕಾಯಬೇಡಿ. ಮಗುವಿಗೆ ಹದಿನೆಂಟು ಆಗುವ ಮೊದಲೇ ಅದರ ಡಾಕ್ಟರನ್ನು ಕೇಳಿ: ಇನ್ನು ಮುಂದೆ ಏನನ್ನು ಗಮನಿಸಬೇಕು? ಯಾರ ಬಳಿ ಹೋಗಬೇಕು? ಹೇಳದಿದ್ದರೆ ಎದ್ದುಬರಬೇಡಿ. ಅವರು ಗಂಟೆ ಒತ್ತಿದರೂ ಕೂತೇ ಇರಿ.

ಏನೇ ಕೇಳುವುದಿದ್ದರೂ ಮೊದಲು ಅವರನ್ನೇ ಕೇಳಿ. ಉತ್ತರಕ್ಕೆ ಕಾಯಿರಿ. ನಗುತ್ತಿದ್ದರೂ ಕೇಳಿ.

ಯಾರಾದರೂ ನಿಮ್ಮೆದುರು “ಬಿಡಿ, ಅವರು ಇರೋದೇ ಹಾಗೆ” ಎಂದರೆ ತಲೆಯಾಡಿಸಿ ಬರಬೇಡಿ. ಅವರ ಮುಖ ನೋಡಿ ಹೇಳಿ: “ಹೋದ ವರ್ಷ ಹಾಗಿರಲಿಲ್ಲ. ಏನಾಯಿತು ಅಂತ ನೋಡಿ ಹೇಳಿ.”